ಪರೀಕ್ಷಾ ಕೊಠಡಿಯ ಆಚೆಗೆ: ಕಲಿಕಾ ನ್ಯೂನತೆ, ಕಾಲೇಜು ಮತ್ತು ಕೆಲಸ

1896ರ ನವೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ ಬರಹ ಪ್ರಕಟವಾಯಿತು. ಬರೆದವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್. ಬರಹ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಕುರಿತದ್ದು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಲೆಕ್ಕ ಸಲೀಸು. ಓದು ಮಾತ್ರ ಹತ್ತುತ್ತಿರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿಸಿ ‘ಪ್ರೆಸಿ’ ಎಂದು ಬರೆಯುತ್ತಿದ್ದ. ಅವನಿಗೆ ಕೆಲವು ವರ್ಷ ಪಾಠ ಹೇಳಿದ್ದ ಮೇಷ್ಟರ ಅಭಿಪ್ರಾಯವನ್ನೂ ಮಾರ್ಗನ್ ದಾಖಲಿಸಿದರು: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಇಡೀ ಶಾಲೆಯಲ್ಲಿ ಇವನಷ್ಟು ಜಾಣ ಇನ್ನೊಬ್ಬ ಇರುತ್ತಿರಲಿಲ್ಲ.

ಈ ಕ್ಷೇತ್ರದಲ್ಲಿ ಮುಂದೆ ನಡೆದ ಕೆಲಸಕ್ಕೆಲ್ಲ ಬೀಜ ಆ ಮೇಷ್ಟರ ಮಾತಿನಲ್ಲಿದೆ. ಕಲಿಸುವ ದಾರಿ ಬದಲಾದರೆ ಸಾಮರ್ಥ್ಯ ಹೊರಗೆ ಬರುತ್ತದೆ. ಆದರೆ ಈ ಅರಿವು ಶಾಲೆ ದಾಟಿ ಕಾಲೇಜಿಗೆ, ಕಾಲೇಜು ದಾಟಿ ಕೆಲಸದ ಜಾಗಕ್ಕೆ ತಲುಪಲು ನೂರು ವರ್ಷವೇ ಹಿಡಿಯಿತು. ನಮ್ಮಲ್ಲಿ ಅದು ಇನ್ನೂ ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದಿಲ್ಲ ಎಂಬುದೇ ಈ ಲೇಖನದ ಅಳಲು.

ಮೊದಲ ಅರ್ಧ ಶತಮಾನ ವೈದ್ಯರದ್ದು. ಗ್ಲಾಸ್ಗೋದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಷೆಲ್‌ವುಡ್, ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮುಂತಾದವರು ತೊಂದರೆಯ ಮೂಲವನ್ನು ಮಿದುಳಿನಲ್ಲಿ ಹುಡುಕಿದರು. 1963ರಲ್ಲಿ ಶಿಕಾಗೋದಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಶಿಕ್ಷಣತಜ್ಞ ಸ್ಯಾಮ್ಯುಯೆಲ್ ಕರ್ಕ್ ಇದಕ್ಕೆ ‘ಕಲಿಕಾ ನ್ಯೂನತೆ’ ಎಂಬ ಹೆಸರು ಕೊಟ್ಟ ಮೇಲೆ ವಿಷಯ ಆಸ್ಪತ್ರೆಯಿಂದ ಶಾಲೆಗೆ ಬಂತು. ಆ ಪೋಷಕರೇ ಸಂಘ ಕಟ್ಟಿ ಒತ್ತಡ ತಂದರು. ಅಂಗವಿಕಲ ಮಕ್ಕಳಿಗೆಲ್ಲ ಶಾಲಾ ಶಿಕ್ಷಣದ ಹಕ್ಕು ಕೊಟ್ಟ 1975ರ ಅಮೆರಿಕದ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೂ ಜಾಗ ಸಿಕ್ಕಿತು.

ಆ ಮಕ್ಕಳು ಬೆಳೆದು ಕಾಲೇಜಿನ ವಯಸ್ಸಿಗೆ ಬಂದರು. ಅಷ್ಟರಲ್ಲಾಗಲೇ, 1970ರಲ್ಲಿ, ಮ್ಯಾಸಚೂಸೆಟ್ಸ್‌ನ ಕರಿ ಕಾಲೇಜು ಇಂಥ ವಿದ್ಯಾರ್ಥಿಗಳಿಗೆಂದೇ ಒಂದು ಬೆಂಬಲ ಕಾರ್ಯಕ್ರಮ ಆರಂಭಿಸಿತ್ತು. 1985ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಲ್ಯಾಂಡ್‌ಮಾರ್ಕ್ ಎಂಬ ಕಾಲೇಜು ಡಿಸ್ಲೆಕ್ಸಿಯಾ, ಅಂದರೆ ಓದಿನ ನ್ಯೂನತೆ, ಇರುವವರಿಗಾಗಿಯೇ ಬಾಗಿಲು ತೆರೆಯಿತು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರಿಗೆ ತಾರತಮ್ಯ ಮಾಡಕೂಡದು ಎನ್ನುವ 1973ರ ಕಾಯ್ದೆಯ 504ನೇ ಕಲಂ ಉಳಿದ ಕಾಲೇಜುಗಳನ್ನೂ ಕಟ್ಟಿಹಾಕಿತು.

ಕಾನೂನು ಬಂದ ಮಾತ್ರಕ್ಕೆ ಮನಸ್ಸು ಬದಲಾಗುವುದಿಲ್ಲ ಎನ್ನುವುದಕ್ಕೆ ಬೋಸ್ಟನ್ ವಿಶ್ವವಿದ್ಯಾಲಯದ ಪ್ರಕರಣವನ್ನು ತುಸು ಹತ್ತಿರದಿಂದ ನೋಡಬೇಕು. 1995ರಲ್ಲಿ ಅಲ್ಲಿನ ಹಿರಿಯ ಆಡಳಿತಗಾರ ಜಾನ್ ವೆಸ್ಟ್‌ಲಿಂಗ್ ಒಂದು ಭಾಷಣದಲ್ಲಿ ಸಮಾಂತಾ ಎಂಬ ವಿದ್ಯಾರ್ಥಿನಿಯ ಕಥೆ ಹೇಳಿದರು. ಆಕೆ ಮೊದಲ ದಿನವೇ ಒಂದು ಪತ್ರ ತಂದುಕೊಟ್ಟಳಂತೆ. ತನಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು, ಮುಂದಿನ ಸಾಲಿನ ಆಸನ ಬೇಕು, ತರಗತಿಯಲ್ಲಿ ನಿದ್ದೆ ಬಂದರೆ ತಪ್ಪಿಹೋದ ಪಾಠವನ್ನು ಯಾರಾದರೂ ಹೇಳಿಕೊಡಬೇಕು ಎಂದು ಅದರಲ್ಲಿತ್ತಂತೆ. ಆ ಸಮಾಂತಾ ಕಟ್ಟುಕಥೆಯ ಪಾತ್ರ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಅಷ್ಟರಲ್ಲಿ ವಿಶ್ವವಿದ್ಯಾಲಯ ನಿಯಮ ಬಿಗಿ ಮಾಡಿತ್ತು. ಮೂರು ವರ್ಷಕ್ಕೊಮ್ಮೆ ಮರುತಪಾಸಣೆ, ಇಂಥಿಂಥ ಪದವಿಯವರೇ ಬರೆದ ವರದಿ ಎಂದೆಲ್ಲ ಕೇಳತೊಡಗಿತ್ತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1997ರಲ್ಲಿ ನ್ಯಾಯಾಧೀಶೆ ಪ್ಯಾಟಿ ಸ್ಯಾರಿಸ್ ವಿಶ್ವವಿದ್ಯಾಲಯ ಕಾನೂನು ಮುರಿದಿದೆ ಎಂದು ತೀರ್ಪಿತ್ತರು. ಆದರೆ ವಿದೇಶಿ ಭಾಷೆಯ ಬದಲು ಬೇರೆ ವಿಷಯ ಓದಲು ಬಿಡಬೇಕೇ ಎಂಬ ಪ್ರಶ್ನೆಯಲ್ಲಿ, ಅಧ್ಯಾಪಕರು ಕೂಲಂಕಷವಾಗಿ ಚರ್ಚಿಸಿ ನಿರ್ಧರಿಸಲಿ ಎಂದರು. ಚರ್ಚೆಯ ನಂತರ ಅಧ್ಯಾಪಕರು ಬೇಡವೆಂದಾಗ ಅದನ್ನೂ ಒಪ್ಪಿದರು. ಸೌಲಭ್ಯ ಕೊಡುವುದೆಂದರೆ ಪದವಿಯ ಮಟ್ಟ ಇಳಿಸುವುದು ಎಂದು ಭಯಪಡುವವರು ಈ ತೀರ್ಪನ್ನು ಗಮನಿಸಬೇಕು. ಮಟ್ಟವನ್ನು ಅಧ್ಯಾಪಕರೇ ಕಾಯಬಹುದು, ಆದರೆ ಪೂರ್ವಗ್ರಹದಿಂದ ಕಾಯುವಂತಿಲ್ಲ.

ಉದ್ಯೋಗದ ಬಾಗಿಲಲ್ಲೂ ಜಗಳ ಇಂಥದ್ದೇ. ಇಂಗ್ಲೆಂಡಿನಲ್ಲಿ ಪ್ಯಾಟರ್ಸನ್ ಎಂಬ ಹಿರಿಯ ಪೊಲೀಸ್ ಅಧಿಕಾರಿ ಬಡ್ತಿ ಪರೀಕ್ಷೆಯಲ್ಲಿ ಡಿಸ್ಲೆಕ್ಸಿಯಾದಿಂದ ಹಿಂದೆ ಬಿದ್ದರು. ಇಷ್ಟು ಮೇಲಕ್ಕೆ ಬಂದವರಿಗೆ ಅಂಗವೈಕಲ್ಯ ಎಲ್ಲಿಯದು ಎಂಬ ವಾದ ಬಂತು. 2007ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು. ಹೋಲಿಸಬೇಕಾದ್ದು ಸರಾಸರಿ ಜನರ ಜೊತೆಗಲ್ಲ, ನ್ಯೂನತೆ ಇಲ್ಲದಿದ್ದರೆ ಆ ವ್ಯಕ್ತಿ ಹೇಗಿರುತ್ತಿದ್ದರೋ ಅದರ ಜೊತೆಗೆ ಎಂದಿತು. ಇನ್ನೊಂದು ಪ್ರಕರಣ ಲಂಡನ್ನಿನ ಸ್ಟಾರ್‌ಬಕ್ಸ್ ಅಂಗಡಿಯದು. ಫ್ರಿಜ್ಜಿನ, ನೀರಿನ ಉಷ್ಣಾಂಶವನ್ನು ನಿಗದಿತ ಹೊತ್ತಿಗೆ ಓದಿ ಪಟ್ಟಿಯಲ್ಲಿ ಬರೆಯುವುದು ಅಲ್ಲಿನ ಮೇಲ್ವಿಚಾರಕಿಯ ಕೆಲಸ. ಅಂಕಿ ತಪ್ಪಾಗಿ ಬಿದ್ದವು. ಆಡಳಿತ ಅವರ ಮೇಲೆ ಸುಳ್ಳು ದಾಖಲೆಯ ಆರೋಪ ಹೊರಿಸಿ, ಕೆಲಸ ಕಡಿಮೆ ಮಾಡಿ, ತರಬೇತಿಗೆ ಹೋಗೆಂದಿತು. ಅವರಿಗೆ ಡಿಸ್ಲೆಕ್ಸಿಯಾ ಇರುವುದು ಆಡಳಿತಕ್ಕೆ ಮೊದಲೇ ತಿಳಿದಿತ್ತು. ನ್ಯಾಯಮಂಡಳಿ ಇದನ್ನು ತಾರತಮ್ಯ ಎಂದಿತು. ಬರೆದದ್ದನ್ನು ಜೊತೆಗಾರರೊಬ್ಬರು ಒಮ್ಮೆ ನೋಡಿಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಇನ್ನು ನಮ್ಮ ದೇಶ. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಏಳು ಸ್ಥಿತಿಗಳಿದ್ದವು, ಕಲಿಕಾ ನ್ಯೂನತೆ ಇರಲಿಲ್ಲ. ಆ ದಶಕದಲ್ಲಿ ದುಡಿದವರು ಚೆನ್ನೈ, ಮುಂಬೈಗಳಲ್ಲಿ ಡಿಸ್ಲೆಕ್ಸಿಯಾ ಸಂಘ ಕಟ್ಟಿದ ಪೋಷಕರು ಮತ್ತು ಶಿಕ್ಷಕರು. ಮಹಾರಾಷ್ಟ್ರ ಸರ್ಕಾರ 1996ರಲ್ಲೇ ಹತ್ತನೇ ತರಗತಿ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ರಿಯಾಯಿತಿ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ ದೇಶದ ಬಹುಕಡೆ ತಪಾಸಣೆಯ ಅಳತೆಗೋಲಾಯಿತು. 2007ರ ‘ತಾರೇ ಜಮೀನ್ ಪರ್’ ಸಿನಿಮಾ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಅದರ ನಾಯಕ ಎಂಟೊಂಬತ್ತು ವರ್ಷದ ಹುಡುಗ. ಇದು ಚಿಕ್ಕ ಮಕ್ಕಳ ತೊಂದರೆ, ದೊಡ್ಡವರಾದ ಮೇಲೆ ಸರಿಹೋಗುತ್ತದೆ ಎಂಬ ನಂಬಿಕೆ ಜನರಲ್ಲಿ ಹಾಗೆಯೇ ಉಳಿಯಿತು. ಸರಿಹೋಗುವುದಿಲ್ಲ. ಅದರೊಂದಿಗೆ ಬದುಕುವ ದಾರಿಗಳನ್ನು ಜನ ಕಂಡುಕೊಳ್ಳುತ್ತಾರೆ, ಅಷ್ಟೇ.

ದೊಡ್ಡ ತಿರುವು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ಕಾಯ್ದೆಯ ಇಪ್ಪತ್ತೊಂದು ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಅದರಲ್ಲಿವೆ. ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು. ಸರ್ಕಾರಿ ಹುದ್ದೆಗಳ ಶೇ. 4 ಮೀಸಲಾತಿಯಲ್ಲೂ ಒಂದು ಪಾಲು. 2018ರ ಮಾರ್ಗಸೂಚಿಯ ಪ್ರಕಾರ ಎಂಟನೇ ವಯಸ್ಸಿನಲ್ಲಿ ಸಿಕ್ಕ ಪ್ರಮಾಣಪತ್ರವನ್ನು ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಮತ್ತೆ ತಪಾಸಣೆ ಮಾಡಿಸಿ ಪಡೆಯಬೇಕು. ಹದಿನೆಂಟರದ್ದು ಜೀವನಪೂರ್ತಿ ಊರ್ಜಿತ.

ಆ ಕಾಯ್ದೆಗೆ ಜೀವ ತುಂಬಿದ್ದು ಸುಪ್ರೀಂ ಕೋರ್ಟ್. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಕೈಬರಹದ ತೊಂದರೆ ಶೇ. 40 ಮುಟ್ಟದಿದ್ದರೂ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದಿತು. ಅದೇ ನವೆಂಬರ್‌ನಲ್ಲಿ ನೀಟ್ ಬರೆದ ವಿದ್ಯಾರ್ಥಿನಿಯೊಬ್ಬಳ ಅಹವಾಲು ಬಂತು. ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆ, ಇದ್ದ ಆಕೆಗೆ ಸಲ್ಲಬೇಕಿದ್ದ ಒಂದು ಗಂಟೆ ಹೆಚ್ಚುವರಿ ಸಮಯವನ್ನು ಪರೀಕ್ಷಾ ಕೇಂದ್ರ ಕೊಟ್ಟಿರಲಿಲ್ಲ. ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನಮ್ಮ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠ ಮರುಪರೀಕ್ಷೆಗೆ ಒಪ್ಪಲಿಲ್ಲ. ಆದರೆ ಆದ ಅನ್ಯಾಯವನ್ನು ಸರಿಪಡಿಸುವ ದಾರಿ ಹುಡುಕುವಂತೆ ಪರೀಕ್ಷಾ ಸಂಸ್ಥೆಗೆ ಆದೇಶಿಸಿತು.

ಇವೆಲ್ಲ ದೊಡ್ಡ ಗೆಲುವುಗಳೇ. ಆದರೂ ಎಲ್ಲವೂ ಪರೀಕ್ಷೆಯ ಸುತ್ತಲೇ ಗಿರಕಿ ಹೊಡೆದಿವೆ. ಪರೀಕ್ಷೆ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ನೋಟ್ಸ್ ಬರೆದುಕೊಳ್ಳಬೇಕು, ಅಸೈನ್‌ಮೆಂಟ್ ಮುಗಿಸಬೇಕು, ರೆಕಾರ್ಡ್ ಬುಕ್ ತುಂಬಿಸಬೇಕು. ಅಲ್ಲಿ ಸ್ಕ್ರೈಬ್ ಇಲ್ಲ, ಹೆಚ್ಚುವರಿ ಗಂಟೆಯೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದವರ ಪಾಡು ಇನ್ನೂ ಬಿಗಿ. ಮೂಲಾಕ್ಷರ, ಕಾಗುಣಿತ ಸೇರಿ ನಾನೂರಕ್ಕೂ ಹೆಚ್ಚು ಅಕ್ಷರರೂಪಗಳನ್ನು ಮಗು ಕಣ್ಣಿಗೆ ಕೂರಿಸಿಕೊಳ್ಳಬೇಕು, ಒತ್ತಕ್ಷರ ಬೇರೆ. ‘ಧರ್ಮ’ ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಅರ್ಕಾವೊತ್ತು ಮಕಾರದ ನಂತರ ಬೀಳುತ್ತದೆ. ‘ಕೋ’ ಬರೆಯಲು ತಲೆಯ ಮೇಲೂ ಗುರುತು, ಪಕ್ಕದಲ್ಲೂ ಗುರುತು. ಇಂಗ್ಲಿಷಿನಲ್ಲಿ ಮೊದಲ ವರ್ಷವೇ ಮುಗಿಯುವ ಅಕ್ಷರ ಕಲಿಕೆ ಕನ್ನಡದಲ್ಲಿ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂಬುದನ್ನು ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಹೀಗಾಗಿ ನಿಧಾನ ಯಾವುದು, ನ್ಯೂನತೆ ಯಾವುದು ಎಂದು ಬೇರ್ಪಡಿಸಲು ಕನ್ನಡದ್ದೇ ಅಳತೆ ಬೇಕು. ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಎಂಬ ತಪಾಸಣಾ ಸಾಧನ ಕನ್ನಡದಲ್ಲೂ ಬಂತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಬಹುಕಾಲದಿಂದ ಈ ಕೆಲಸದಲ್ಲಿದೆ. ಇವುಗಳ ಗಮನವೆಲ್ಲ ಮಕ್ಕಳ ಮೇಲೆ. ನಿಮ್ಹಾನ್ಸ್ ಸರಣಿಯೂ ಮಕ್ಕಳಿಗೆಂದೇ ರೂಪಿಸಿದ್ದು. ಹಳ್ಳಿಯ ಶಾಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಪಿಯುಸಿ ದಾಟಿ, ಪದವಿಯ ಮೊದಲ ವರ್ಷದಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಕುಸಿಯುವ ಯುವಕನನ್ನು ಅಳೆಯಲು ಇವು ಸಾಲವು. ಅವನಿಗೆ ಸಿಗುವುದು ದಡ್ಡ, ಸೋಮಾರಿ ಎಂಬ ಹೆಸರು, ಆಮೇಲೆ ಬ್ಯಾಕ್‌ಲಾಗ್.

ಕೆಲಸದ ಜಾಗದಲ್ಲಿ ಕಾನೂನೇ ಅರ್ಧಕ್ಕೆ ನಿಂತಿದೆ. 2016ರ ಕಾಯ್ದೆಯ 20ನೇ ಕಲಂ ತಾರತಮ್ಯ ನಿಷೇಧಿಸಿ, ಸಮಂಜಸ ಹೊಂದಾಣಿಕೆ ಮಾಡಿಕೊಡಿ ಎಂದು ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. 21ನೇ ಕಲಂ ಖಾಸಗಿಯವರಿಂದ ಕೇಳುವುದು ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಿ ಎಂದಷ್ಟೇ. ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾದಂಥ ಸಂಸ್ಥೆಗಳು 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿ ದುಡಿಯುತ್ತಿವೆ. ಆದರೆ ಕಲಿಕಾ ನ್ಯೂನತೆ ಹೊರಗೆ ಕಾಣುವಂಥದ್ದಲ್ಲ. ಹೇಳಿಕೊಂಡರೆ ಬಡ್ತಿ ತಪ್ಪೀತೆಂದು ನೌಕರ ಮುಚ್ಚಿಡುತ್ತಾನೆ, ಮೀಟಿಂಗ್‌ನ ಟಿಪ್ಪಣಿ ಬರೆಯುವ ಸರದಿ ಬಂದಾಗಲೆಲ್ಲ ಏನಾದರೊಂದು ನೆಪ ಹುಡುಕುತ್ತಾನೆ.

ಮಾಡಬೇಕಾದ ಕೆಲಸಕ್ಕೆ ಹೆಚ್ಚು ಖರ್ಚೂ ಇಲ್ಲ. ಮೊಬೈಲಿನಲ್ಲೇ ಕನ್ನಡ ಪಠ್ಯವನ್ನು ಓದಿ ಹೇಳುವ, ಆಡಿದ ಮಾತನ್ನು ಬರಹವಾಗಿಸುವ ಸೌಲಭ್ಯ ಈಗ ಪುಕ್ಕಟೆಯಾಗಿ ಸಿಗುತ್ತದೆ. ಉಪನ್ಯಾಸಕರು ಪಾಠ ರೆಕಾರ್ಡ್ ಮಾಡಿಕೊಳ್ಳಲು ಬಿಡಲಿ, ಇಂಟರ್ನಲ್ಸ್‌ನಲ್ಲಿ ಒಂದು ಭಾಗವನ್ನಾದರೂ ಮೌಖಿಕವಾಗಿ ಕೇಳಲಿ. ಪ್ರಾಂಶುಪಾಲರು ಪ್ರವೇಶದ ದಿನವೇ ‘ಓದು ಬರಹದಲ್ಲಿ ತೊಂದರೆ ಇರುವವರು ಇಂಥವರನ್ನು ಕಾಣಿ’ ಎಂದು ಒಬ್ಬ ಅಧ್ಯಾಪಕರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಎಚ್‌ಆರ್ ವಿಭಾಗದವರು ಸೂಚನೆಗಳನ್ನು ಇಮೇಲ್‌ನಲ್ಲಿ ಕಳಿಸಿ ಸುಮ್ಮನಾಗದೆ ಬಾಯಲ್ಲೂ ಹೇಳಲಿ. ವಯಸ್ಕರಿಗಾಗಿ ಕನ್ನಡದಲ್ಲೇ ತಪಾಸಣಾ ಸಾಧನ ರೂಪಿಸುವ ಹೊಣೆಯನ್ನು ಮೈಸೂರು, ಬೆಂಗಳೂರಿನ ಸಂಸ್ಥೆಗಳಿಗೆ ವಹಿಸಿ ರಾಜ್ಯ ಸರ್ಕಾರ ಹಣ ಒದಗಿಸಲಿ. ಇದಿಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬರುವ ಶೈಕ್ಷಣಿಕ ವರ್ಷದಿಂದಲೇ ಶುರು ಮಾಡಬಹುದು.