ಬೆಂಕಿ ರೋಗದ ಬುತ್ತಿ

ಬಳ್ಳಾರಿಯವನು ನಾನು, ಓದಿದ್ದು ಇಂಜಿನಿಯರಿಂಗ್. ಕುರುಗೋಡಿನ ನಮ್ಮ ಮಾಮ ಸಿರುಗುಪ್ಪದ ಕಡೆ ಕಾಲುವೆ ನೀರಲ್ಲಿ ಭತ್ತ ಹಾಕಿದ್ರು. ಬೆಂಕಿ ರೋಗ ಬಿತ್ತು, ಅರ್ಧ ಜೊಳ್ಳು. ಬರೀ ಎಲೆ ಮೇಲೆ ಕೂತ ಶಿಲೀಂಧ್ರಕ್ಕೆ ಒಳಗೆ ನುಗ್ಗೋ ತನಕ ಊಟ ಎಲ್ಲಿಂದ ಅಂತ ತಲೆಗೆ ಹುಳ ಹೊಕ್ತು.

ಹುಡುಕಿದರೆ ಕಥೆ 1904ಕ್ಕೆ ಹೋಯ್ತು. ಜರ್ಮನಿಯ ಫ್ರಾಂಜ್ ಕ್ನೂಪ್ ನಾಯಿಗಳಿಗೆ ಗುರುತು ಹಚ್ಚಿದ ಕೊಬ್ಬಿನಾಮ್ಲ ತಿನ್ನಿಸಿ, ದೇಹ ಅದನ್ನು ಎರಡೆರಡು ಇಂಗಾಲದಂತೆ ಕತ್ತರಿಸುತ್ತೆ ಅಂತ ತೋರಿಸಿದ. ಶಿಲೀಂಧ್ರದಲ್ಲೂ ಅಂಥವೇ ಕಿಣ್ವಗಳು! ಬೀಜಕಣ ತಂದ ಎಣ್ಣೆಬುತ್ತಿ ಕರಗಿಸಿಕೊಂಡು, ಕಾರಿನ ಟೈರಿನ 40 ಪಟ್ಟು ಒತ್ತಡದಲ್ಲಿ ಎಲೆ ತೂತು ಮಾಡುತ್ತೆ. 2007ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಅಂಥ ಒಂದು ಕಿಣ್ವದ ಜೀನ್ ತೆಗೆದಾಗ ರೋಗದ ಶಕ್ತಿಯೇ ಕುಂದಿತು.

ಮಾಮನಿಗೆ ಹೇಳಿದೆ. "ಹಂಗಾದ್ರ ಅದರ ಬುತ್ತಿ ಕಸಿಯೋ ಔಷಧ ನಮ್ಮೂರಿಗೆ ಯಾವಾಗಪ್ಪ?" ಅಂದ್ರು. ಸುಮ್ಮನಾದೆ...