ಪದ ಪರಿಚಯ: ಕರಾರು

ಕರಾರು (ನಾಮಪದ): ಷರತ್ತುಗಳಿಗೆ ಒಳಪಟ್ಟ ಒಡಂಬಡಿಕೆ, ನಿಬಂಧನೆ.

ವ್ಯವಹಾರದ ಮಾತಿನಲ್ಲಿ ‘ಒಪ್ಪಂದ’ಕ್ಕೆ ಪರ್ಯಾಯವೆಂಬಂತೆ ಬಳಕೆಯಾಗುವ ಈ ಪದದ ಮೂಲ ಅರಬ್ಬಿಯ ‘ಕರಾರ್’. ನೆಲೆನಿಲ್ಲುವುದು, ಸ್ಥಿರತೆ ಎಂಬುದು ಅದರ ಹಳೆಯ ಅರ್ಥವಾಗಿದ್ದು, ಪಾರಸಿಯ ಮೂಲಕ ಭಾರತೀಯ ಭಾಷೆಗಳಿಗೆ ಬಂದ ಅದು ಇತ್ಯರ್ಥವಾದ ಮಾತನ್ನೂ ಸೂಚಿಸತೊಡಗಿತು. ಮರಾಠಿ, ತೆಲುಗು, ಮಲಯಾಳಂಗಳಲ್ಲಿ ಒಡಂಬಡಿಕೆಯ ಅರ್ಥವೇ ಮುಖ್ಯವಾದರೆ, ಹಿಂದಿ ಮತ್ತು ಉರ್ದುವಿನಲ್ಲಿ ಮನಸ್ಸಿನ ನೆಮ್ಮದಿಯೂ ‘ಕರಾರ್’ ಎನಿಸುತ್ತದೆ. ನಿಖರ ಎಂಬರ್ಥದ ‘ಕರಾರುವಾಕ್ಕು’ ಇದೇ ಕುಲಕ್ಕೆ ಸೇರಿದೆ. ಆದರೆ ಪ್ರಾಸದಿಂದ ಬಂಧುವೆಂದು ತೋರುವ ‘ತಕರಾರು’ ಪುನರಾವರ್ತನೆಯನ್ನು ಸೂಚಿಸುವ ಬೇರೊಂದು ಅರಬ್ಬೀ ಧಾತುವಿನಿಂದ ಹುಟ್ಟಿದ್ದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದರಿಂದ ವಾಗ್ವಾದ, ಆಕ್ಷೇಪಣೆ ಎಂಬ ಅರ್ಥಗಳಿಗೆ ಹೊರಳಿದೆ.

ಕಾನೂನಿನಲ್ಲಿ ಒಪ್ಪಂದವೆಲ್ಲವೂ ಕರಾರಲ್ಲ. 1872ರ ಭಾರತೀಯ ಕರಾರು ಅಧಿನಿಯಮದಂತೆ, ಕಾನೂನಿನ ಮೂಲಕ ಜಾರಿಗೊಳಿಸಬಹುದಾದ ಒಪ್ಪಂದವಷ್ಟೇ ಕರಾರು. ಅದೇ ಅಧಿನಿಯಮದ 29ನೆಯ ಪ್ರಕರಣವು, ಅರ್ಥ ನಿಶ್ಚಿತವಾಗಿಲ್ಲದ ಮತ್ತು ನಿಶ್ಚಿತಗೊಳಿಸಲೂ ಬಾರದ ಒಪ್ಪಂದವನ್ನು ಶೂನ್ಯ, ಎಂದರೆ ಕಾನೂನುಬಲವಿಲ್ಲದ್ದು, ಎನ್ನುತ್ತದೆ. ಅದು ಕೊಡುವ ದೃಷ್ಟಾಂತ ಬಹಳ ಸೊಗಸಾಗಿದೆ: ‘ನೂರು ಟನ್ ಎಣ್ಣೆ’ ಮಾರುವುದಾಗಿ ಒಪ್ಪಿ, ಯಾವ ಎಣ್ಣೆಯೆಂಬುದಕ್ಕೆ ಯಾವ ಸುಳಿವನ್ನೂ ಕೊಡದಿದ್ದರೆ ಆ ಒಪ್ಪಂದ ನಿಲ್ಲದು; ಆದರೆ ಮಾರುವವನು ತೆಂಗಿನೆಣ್ಣೆಯ ವ್ಯಾಪಾರಿ ಮಾತ್ರವೇ ಆಗಿದ್ದರೆ, ಅವನ ಕಸುಬೇ ಅರ್ಥವನ್ನು ನಿಶ್ಚಯಿಸುವುದರಿಂದ ಅದೇ ಮಾತು ಕರಾರಾಗುತ್ತದೆ. ಹೀಗೆ ಕಸುಬಿನ ಆಸರೆ ಎಲ್ಲ ಕಡೆಯೂ ದೊರೆಯದಾದ್ದರಿಂದ, ಸರಕಿನ ಬಗೆ, ತೂಕ, ದರ ಮತ್ತು ಹಣ ಸಂದಾಯದ ಗಡುವನ್ನು ಕರಾರುಪತ್ರದಲ್ಲಿಯೇ ಬಿಡಿಸಿ ಬರೆಯುವುದು ಉಭಯ ಪಕ್ಷಗಳಿಗೂ ಅಗತ್ಯವಾದ ರಕ್ಷಣೆಯಾಗಿದೆ.