ಹಳೆ ಬೋಟ್ ದುರಸ್ತಿ: ಡೆಕ್ ಕೆಳಗಿನ ಡೀಸೆಲ್ ಟ್ಯಾಂಕ್

ಹಳೆಯ ಫೈಬರ್ ಬೋಟ್ ದುರಸ್ತಿ ಮಾಡಿಸುವವರು ಎಂಜಿನ್, ಬಣ್ಣ ನೋಡುತ್ತಾರೆ. ಡೆಕ್ ಕೆಳಗಿನ ಟ್ಯಾಂಕ್ ಮರೆಯುತ್ತಾರೆ. 200 ಲೀಟರ್ ಡೀಸೆಲ್ ಎಂದರೆ ಸುಮಾರು 170 ಕಿಲೋ ತೂಕ. ಅಲೆಯ ಹೊಡೆತಕ್ಕೆ ಇದು ಅಲುಗಾಡಿದರೆ ಪೈಪಿನ ಜೋಡಣೆ ಸಡಿಲವಾಗುತ್ತದೆ, ಬೆಸುಗೆ ಬಿರಿಯುತ್ತದೆ.

ಡೆಕ್ ಬಿಚ್ಚಿರುವಾಗಲೇ ಟ್ಯಾಂಕನ್ನು ಮೇಲೆತ್ತಿ ಅದರ ಅಡಿಭಾಗ ನೋಡಬೇಕು. ತುಕ್ಕು ಹಿಡಿಯುವುದು ಹೆಚ್ಚಾಗಿ ಅಲ್ಲಿಯೇ. ಬೋಟಿನ ತಳದಲ್ಲಿ ಉದ್ದಕ್ಕೆ ಇರುವ ತೊಲೆಗಳ ಒಳಮರ ಕುಂಬಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಕುಂಬಾದ ಮರದಲ್ಲಿ ಬೋಲ್ಟ್ ನಿಲ್ಲುವುದಿಲ್ಲ.

ಟ್ಯಾಂಕನ್ನು ತೊಲೆಗಳ ಮೇಲೆ ಕೂರಿಸಿ, ನಾಲ್ಕೂ ಕಡೆ ಸರಿಯದಂತೆ ತಡೆ ಕೊಟ್ಟು, ಮೇಲಿನಿಂದ ಲೋಹದ ಪಟ್ಟಿ ಹಾಕಿ ಬಿಗಿಯಬೇಕು. ಟ್ಯಾಂಕ್ ಮತ್ತು ಪಟ್ಟಿಯ ನಡುವೆ ನಿಯೋಪ್ರೀನ್ ರಬ್ಬರ್ ಇರಲಿ. ಗೋಣಿ, ಹಳೆ ಕಾರ್ಪೆಟ್ ಬೇಡವೇ ಬೇಡ. ಅವು ಉಪ್ಪುನೀರು ಹೀರಿ ಹಿಡಿದಿಟ್ಟು ಅಲ್ಯೂಮಿನಿಯಂ ತೂತು ಮಾಡುತ್ತವೆ. ಸುತ್ತಲೂ ಗಾಳಿಯಾಡಲು ಜಾಗ ಬಿಡಿ. ಪ್ಲಾಸ್ಟಿಕ್ ಟ್ಯಾಂಕ್ ಇಂಧನ ತುಂಬಿದ ಮೇಲೆ ಸುಮಾರು ಶೇ. 2ರಷ್ಟು ಉಬ್ಬುವುದರಿಂದ ಅದಕ್ಕೂ ಸಂದು ಬೇಕು.

ಡೆಕ್ ಮುಚ್ಚುವ ಮೊದಲು, ಖಾಲಿ ಮಾಡಿ ತೊಳೆದ ಟ್ಯಾಂಕಿಗೆ ಕೈಪಂಪಿನಿಂದ 3 ಪಿಎಸ್‌ಐ ಗಾಳಿ ತುಂಬಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಹೆಚ್ಚು ಒತ್ತಡ ಕೊಟ್ಟರೆ ಒಳ್ಳೆಯ ಟ್ಯಾಂಕೂ ಹಾಳಾದೀತು.